ಸ್ಮಾರ್ಟ್ ಕ್ಲಾಸ್ ಕೊಡುವವರು ಒಮ್ಮೆ ಕೊನೆಯ ಬೆಂಚಿನಲ್ಲಿ ಕುಳಿತು ನೋಡಲಿ

ಮಾನ್ಯ ಸಂಪಾದಕರೇ,

ಹಳೆಯ ವಿದ್ಯಾರ್ಥಿಗಳ ಸಂಘವಿರಲಿ, ಊರಿನ ದಾನಿಗಳಿರಲಿ, ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣವಿರಲಿ, ಸರ್ಕಾರಿ ಶಾಲೆಗೆ ಏನಾದರೂ ಕೊಡಬೇಕೆಂದರೆ ಈಗ ಮೊದಲು ಬಾಯಿಗೆ ಬರುವುದು ‘ಸ್ಮಾರ್ಟ್ ಕ್ಲಾಸ್’, ಅಂದರೆ ಟಿವಿ ಅಥವಾ ಪ್ರೊಜೆಕ್ಟರ್ ಇಟ್ಟು ಪಾಠ ಮಾಡುವ ಕೋಣೆ. ಕೊಡುವವರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಟ್ಟ ಯಂತ್ರ 40 ನಿಮಿಷದ ಒಂದು ಅವಧಿಯಲ್ಲಿ, ಇಂಟರ್ನೆಟ್ ಇಲ್ಲದೆ, ಕರೆಂಟ್ ಹೋದರೂ, ಹಿಂದೆ ಕುಳಿತ ಮಗುವಿಗೂ ಓದಲು ಬರುವಂತೆ ನಡೆಯುತ್ತದೆಯೇ ಎಂದು ಖರೀದಿಗೆ ಮೊದಲೇ ಲೆಕ್ಕ ಹಾಕುವವರು ಕಡಿಮೆ. ಆ ಲೆಕ್ಕ ಕಷ್ಟದ್ದೇನಲ್ಲ. ದಾನಿಗಳಿಗೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರಿಗೂ ಉಪಯೋಗವಾಗಲೆಂದು ಅದನ್ನಿಲ್ಲಿ ಬರೆಯುತ್ತಿದ್ದೇನೆ.

ಮೊದಲು ಪರದೆ. ದೂರದಿಂದ ಆರಾಮವಾಗಿ ಓದಬೇಕಾದರೆ ಅಕ್ಷರದ ಎತ್ತರ, ಓದುವವರಿರುವ ದೂರದ 200ರಲ್ಲಿ ಒಂದು ಭಾಗದಷ್ಟಾದರೂ ಇರಬೇಕೆಂಬುದು ಬಳಕೆಯಲ್ಲಿರುವ ಅಂದಾಜು. ಕೊನೆಯ ಬೆಂಚು 20 ಅಡಿ ದೂರವಿದ್ದರೆ, ಅಂದರೆ ಸುಮಾರು 6 ಮೀಟರ್, ಪರದೆಯ ಮೇಲೆ ಅಕ್ಷರ 3 ಸೆಂಟಿಮೀಟರ್ ಎತ್ತರ ಕಾಣಬೇಕು. ಈಗ 43 ಇಂಚಿನ ಟಿವಿ ತೆಗೆದುಕೊಳ್ಳಿ. ಅದರ ಪರದೆಯ ಎತ್ತರ ಸುಮಾರು 53 ಸೆಂ.ಮೀ. ಸ್ಲೈಡಿನಲ್ಲಿ 40 ಪಾಯಿಂಟ್ ಗಾತ್ರದಲ್ಲಿ ಟೈಪ್ ಮಾಡಿದರೂ ಅಲ್ಲಿ ಕನ್ನಡ ಅಕ್ಷರದ ಮೈ ಸಿಗುವುದು 2 ಸೆಂ.ಮೀ. ಮಾತ್ರ. ಅಂದರೆ 13 ಅಡಿಯ ಆಚೆ ಕುಳಿತವರಿಗೆ ಓದುವುದು ಕಷ್ಟ. ಒತ್ತಕ್ಷರ ಇದಕ್ಕಿಂತ ಸಣ್ಣದು. ‘ದ್ರಾವಣ’ದ ರ-ವತ್ತು, ‘ಉತ್ಕರ್ಷಣ’ದ ಅರ್ಕಾವತ್ತು ಹಿಂದಿನ ಸಾಲಿನವರಿಗೆ ಬರಿಯ ಚುಕ್ಕೆ. ಅದೇ 65 ಇಂಚಿನ ಟಿವಿಯಲ್ಲಿ ಪರದೆಯ ಎತ್ತರ 81 ಸೆಂ.ಮೀ., ಅಕ್ಷರ 3 ಸೆಂ.ಮೀ. ಹತ್ತಿರ ಬರುತ್ತದೆ, 20 ಅಡಿಗೆ ಸರಿಹೋಗುತ್ತದೆ. ಮಕ್ಕಳು ತುಂಬಿದ ಕೋಣೆಗೆ 43 ಇಂಚಿನ ಟಿವಿ ತಂದು ಗೋಡೆಗೆ ಹಾಕುವುದು ಮುಂದಿನ ಎರಡು ಸಾಲಿಗೆ ಮಾತ್ರ ಕೊಟ್ಟ ದಾನ. ಅಷ್ಟೇ ಹಣವಿದ್ದರೆ ಪ್ರೊಜೆಕ್ಟರ್ ನೋಡುವುದು ಮೇಲು.

ಅಂಗಡಿಯವರು ಡೆಮೊ ಕೊಡುವಾಗ ಬಣ್ಣಬಣ್ಣದ ವಿಡಿಯೊ ಹಾಕುತ್ತಾರೆ. ಅದನ್ನು ನಿಲ್ಲಿಸಿ, 10ನೇ ತರಗತಿ ವಿಜ್ಞಾನ ಪಠ್ಯಪುಸ್ತಕದ ಪಿಡಿಎಫ್ ತೆರೆಸಿ, ಕಿಟಕಿಗಳನ್ನು ತೆರೆದಿಟ್ಟು, ಬೆಳಿಗ್ಗೆ ಹನ್ನೊಂದರ ಬೆಳಕಿನಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಒಂದು ಪ್ಯಾರಾ ಓದಿ. ಪೂರ್ತಿ ಪುಟ ಪರದೆಯಲ್ಲಿ ಬಂದರೆ ಯಾವ ಟಿವಿಯಲ್ಲೂ ಓದಲಾಗದು. ಅರ್ಧ ಪುಟಕ್ಕಿಂತ ಕಡಿಮೆ ಕಾಣುವಂತೆ ಹಿಗ್ಗಿಸಬೇಕು. ಶಿಕ್ಷಕರು ತಾವೇ ಸ್ಲೈಡ್ ಮಾಡುವುದಾದರೆ 40 ಪಾಯಿಂಟ್‌ಗಿಂತ ಕೆಳಗೆ ಇಳಿಯಬಾರದು, ಸಾಲುಗಳ ನಡುವೆ ಒತ್ತಕ್ಷರಕ್ಕೆ ಜಾಗ ಬಿಡಬೇಕು. ಹಾಗೆ ಮಾಡಿದರೆ ಒಂದು ಸ್ಲೈಡಿಗೆ ಆರೇ ಸಾಲು ಹಿಡಿಯುತ್ತದೆ. ಆರು ಸಾಲು ಸಾಕು. ಉಳಿದದ್ದು ಕಪ್ಪುಹಲಗೆಯ ಮೇಲೆ ಬರಲಿ.

ಪ್ರೊಜೆಕ್ಟರಿನಲ್ಲಿ ಚಿತ್ರ ದೊಡ್ಡದಾಗಿ ಬರುತ್ತದೆ ನಿಜ. ಆದರೆ ಕಿಟಕಿಗೆ ಪರದೆಯಿಲ್ಲದ ಕೋಣೆಯಲ್ಲಿ 3000 ಲ್ಯೂಮೆನ್‌ಗಿಂತ ಕಡಿಮೆ ಬೆಳಕಿನದನ್ನು ತಂದರೆ ಹಗಲಲ್ಲಿ ಮಂಕು. ಇನ್ನೊಂದು ತೊಂದರೆ ಸೀಮೆಸುಣ್ಣದ ಪುಡಿ. ಅದು ಗಾಳಿ ಫಿಲ್ಟರಿನಲ್ಲಿ ಕೂತು ಯಂತ್ರ ಬಿಸಿಯಾಗಿ, ಪಾಠದ ನಡುವೆ ತಾನೇ ಆಫ್ ಆಗುತ್ತದೆ. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ಬಿಚ್ಚಿ ಮೆತ್ತನೆಯ ಬ್ರಷ್ಷಿನಿಂದ ಪುಡಿ ಕೊಡವಬೇಕು. ಲ್ಯಾಂಪ್ ಇರುವ ಪ್ರೊಜೆಕ್ಟರಿನ ಸ್ವಿಚ್ಚನ್ನು ಗೋಡೆಯಲ್ಲೇ ಆರಿಸುವ ಅಭ್ಯಾಸ ಬಿಡಬೇಕು. ರಿಮೋಟಿನಲ್ಲಿ ಆರಿಸಿದ ಮೇಲೂ ಫ್ಯಾನ್ ಒಂದೆರಡು ನಿಮಿಷ ತಿರುಗಿ ಲ್ಯಾಂಪ್ ತಣಿಸುತ್ತದೆ. ಕರೆಂಟ್ ಹೋದಾಗ ಆ ತಣಿಯುವಿಕೆಯೇ ತಪ್ಪಿ ಲ್ಯಾಂಪಿನ ಆಯಸ್ಸು ಕಡಿಮೆಯಾಗುತ್ತದೆ. ಆದ್ದರಿಂದ ಪ್ರೊಜೆಕ್ಟರ್ ಕೊಡುವವರು ಬ್ಯಾಟರಿಯನ್ನೂ ಕೊಡಬೇಕು.

ಬ್ಯಾಟರಿಯ ಲೆಕ್ಕ ಹೀಗೆ. ಪ್ರೊಜೆಕ್ಟರ್ ಸುಮಾರು 300 ವಾಟ್, ಲ್ಯಾಪ್‌ಟಾಪ್ 60, ಸ್ಪೀಕರ್ 20; ಒಟ್ಟು 380. ಕಂಪ್ಯೂಟರಿನ ಜೊತೆ ಸಾಮಾನ್ಯವಾಗಿ ಬರುವ 600 ವಿಎ ಯುಪಿಎಸ್ ಎಳೆಯುವುದೇ 360 ವಾಟ್, ಹಾಗಾಗಿ ಕರೆಂಟ್ ಹೋದ ಕ್ಷಣವೇ ಕಿರುಚಿ ನಿಲ್ಲುತ್ತದೆ. 65 ಇಂಚಿನ ಟಿವಿಯಾದರೆ ಒಟ್ಟು ಸುಮಾರು 230 ವಾಟ್. ಅದನ್ನೂ ಆ ಯುಪಿಎಸ್‌ನ 7 ಆಂಪಿಯರ್-ಅವರ್ ಬ್ಯಾಟರಿ ಹತ್ತು ನಿಮಿಷಕ್ಕಿಂತ ಹೆಚ್ಚು ಹೊರುವುದಿಲ್ಲ. ಮನೆಗಳಲ್ಲಿ ಹಾಕಿಸುವ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಮತ್ತು ಇನ್ವರ್ಟರ್ ಇದ್ದರೆ, ಅರ್ಧ ಶಕ್ತಿಯನ್ನಷ್ಟೇ ಬಳಸಿದರೂ ಟಿವಿ ಮೂರು ಗಂಟೆ, ಪ್ರೊಜೆಕ್ಟರ್ ಎರಡು ಗಂಟೆಗೆ ಸ್ವಲ್ಪ ಕಡಿಮೆ ನಡೆಯುತ್ತದೆ. ಏಪ್ರಿಲ್-ಮೇ ರಜೆಯಲ್ಲಿ ಈ ಬ್ಯಾಟರಿಯೇ ಸಾಯುವುದು ಹೆಚ್ಚು. ಮೇನ್ ಆರಿಸಿ ಬೀಗ ಹಾಕಿ ಹೋದರೆ ಅದು ತಾನೇ ತಾನಾಗಿ ಬರಿದಾಗುತ್ತದೆ, ಬರಿದಾಗಿಯೇ ವಾರಗಟ್ಟಲೆ ಕೂತರೆ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ರಜೆಗೆ ಮುಂಚೆ ಡಿಸ್ಟಿಲ್ಡ್ ವಾಟರ್ ತುಂಬಿ, ಪೂರ್ತಿ ಚಾರ್ಜ್ ಮಾಡಿ, ನಡುವೆ ಒಂದೆರಡು ಸಲ ಯಾರಾದರೂ ಬಂದು ಚಾರ್ಜಿಗೆ ಹಾಕಬೇಕು. ಅರ್ಥಿಂಗ್ ಸರಿಯಿದೆಯೇ ಎಂಬುದನ್ನು ಎಲೆಕ್ಟ್ರೀಷಿಯನ್ ಮೀಟರ್ ಹಿಡಿದು ನೋಡದೆ ಯಂತ್ರವನ್ನು ಸಿಕ್ಕಿಸಲೇಬೇಡಿ. ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ಮೆನ್ನುವುದಕ್ಕೂ ಟಿವಿಗೆ ಕೇಬಲ್ ಸಿಕ್ಕಿಸುವ ಎಚ್‌ಡಿಎಂಐ ಪೋರ್ಟ್ ಸುಟ್ಟುಹೋಗುವುದಕ್ಕೂ ಹಲವು ಬಾರಿ ಕಾರಣ ಅದೇ. ಮಲೆನಾಡಿನಲ್ಲಿ ಇನ್ನೂ ಒಂದು: ಗುಡುಗು ಶುರುವಾದರೆ ಪ್ಲಗ್ಗನ್ನೇ ಕೀಳಬೇಕು, ಮಳೆಗಾಲದಲ್ಲಿ ವಾರಕ್ಕೆರಡು ಸಲವಾದರೂ ಯಂತ್ರ ಓಡಿಸಿ ತೇವ ಆರಿಸಬೇಕು.

ಫೋನನ್ನು ಟಿವಿಗೆ ಜೋಡಿಸುವ ವಿಷಯದಲ್ಲಿ ಹಣ ಪೋಲಾಗುವುದು ಅಡಾಪ್ಟರಿನಲ್ಲಿ. ಫೋನಿಗೆ ಟೈಪ್-ಸಿ ರಂಧ್ರ ಇದ್ದ ಮಾತ್ರಕ್ಕೆ ಅದರಿಂದ ಚಿತ್ರ ಹೊರಬರುವುದಿಲ್ಲ. ಕಡಿಮೆ ಬೆಲೆಯ ಹೆಚ್ಚಿನ ಫೋನುಗಳಲ್ಲಿ ಆ ಸೌಲಭ್ಯವೇ ಇರುವುದಿಲ್ಲ, ಎಷ್ಟು ಒಳ್ಳೆಯ ಅಡಾಪ್ಟರ್ ತಂದರೂ ಟಿವಿ ‘ನೋ ಸಿಗ್ನಲ್’ ಎನ್ನುತ್ತದೆ. ಕಾಸ್ಟ್ ಮಾಡುವುದಾದರೆ, ಅಂದರೆ ತಂತಿಯಿಲ್ಲದೆ ಫೋನಿನ ಚಿತ್ರವನ್ನು ಟಿವಿಗೆ ಕಳಿಸುವುದಾದರೆ, ಫೋನ್, ಟಿವಿ ಎರಡೂ ಒಂದೇ ವೈಫೈನಲ್ಲಿರಬೇಕು. ಇಷ್ಟೆಲ್ಲ ಗೊಂದಲಕ್ಕಿಂತ ಒಂದು ಸಾಧಾರಣ ಲ್ಯಾಪ್‌ಟಾಪ್, 5 ಮೀಟರಿನ ಒಂದು ಎಚ್‌ಡಿಎಂಐ ಕೇಬಲ್ ಸಾಕು. 10 ಮೀಟರ್ ಮೀರಿದ ಮಾಮೂಲಿ ಕೇಬಲ್‌ನಲ್ಲಿ ಚಿತ್ರ ಮಿಣುಕುತ್ತದೆ. ಚಿತ್ರ ಬಂದು ಸದ್ದು ಬಾರದಿದ್ದರೆ, ಸದ್ದು ಲ್ಯಾಪ್‌ಟಾಪಿನಲ್ಲೇ ಉಳಿದಿದೆಯೆಂದು ಅರ್ಥ. ಕೆಳಗೆ ಬಲಮೂಲೆಯ ಸ್ಪೀಕರ್ ಗುರುತು ಒತ್ತಿ ಟಿವಿಯ ಹೆಸರನ್ನು ಆಯ್ಕೆ ಮಾಡಬೇಕು. ಬರಿಯ ಪೆನ್‌ಡ್ರೈವ್‌ನಿಂದ ಟಿವಿಯಲ್ಲಿ ವಿಡಿಯೊ ಹಾಕುವವರು ಅದನ್ನು ಎಚ್.264 ಎಂಪಿ4 ರೂಪದಲ್ಲೇ ಇಟ್ಟುಕೊಂಡರೆ ಕ್ಷೇಮ. ಕಡತದ ಹೆಸರು ಕನ್ನಡದಲ್ಲಿದ್ದರೆ ಕೆಲವು ಟಿವಿಗಳು ಚೌಕಗಳನ್ನು ತೋರಿಸುತ್ತವೆ, ಹೆಸರಿಗೆ ತರಗತಿ ಮತ್ತು ಪಾಠದ ಸಂಖ್ಯೆ ಕೊಟ್ಟರೆ ಸಾಕು.

ಇನ್ನು ಒಳಗೆ ತುಂಬುವ ಸರಕು. ಸಾವಿರಾರು ವಿಡಿಯೊಗಳ ಪೆನ್‌ಡ್ರೈವ್ ಮಾರುವವರನ್ನು ಒಂದು ಪ್ರಶ್ನೆ ಕೇಳಿ: ಲೈಸೆನ್ಸ್ ಎಷ್ಟು ವರ್ಷ, ಆ ಲ್ಯಾಪ್‌ಟಾಪ್ ಕೆಟ್ಟರೆ ಬೇರೆಯದರಲ್ಲಿ ಓಡುತ್ತದೆಯೇ? ಉತ್ತರ ತಡವರಿಸಿದರೆ ಬೇಡ. ಉಚಿತವಾಗಿ ಸಿಗುವುದೇ ಒಂದು ವರ್ಷಕ್ಕೆ ಬೇಕಾದಷ್ಟಿದೆ. ಅದರಲ್ಲಿ ವಿಜ್ಞಾನ ಶಿಕ್ಷಕರಿಗೆ ಎಲ್ಲಕ್ಕಿಂತ ಮಿಗಿಲಾದದ್ದು ಫೆಟ್. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಕ್ಯಾಂಪಸ್‌ನಲ್ಲಿ, ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ ಯೋಜನೆ ಇದು. ಇದರ ಎಷ್ಟೋ ಸಿಮ್ಯುಲೇಷನ್‌ಗಳು, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು, ಕನ್ನಡದಲ್ಲೂ ಇವೆ. ಡೌನ್‌ಲೋಡ್ ಒತ್ತಿದರೆ ಕೆಲವೇ ಎಂಬಿಯ ಒಂದು ಎಚ್‌ಟಿಎಂಎಲ್ ಕಡತ ಇಳಿಯುತ್ತದೆ. ಆಮೇಲೆ ಇಂಟರ್ನೆಟ್ ಬೇಡ, ಡಬಲ್ ಕ್ಲಿಕ್ ಮಾಡಿದರೆ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ.

10ನೇ ತರಗತಿಯ ‘ವಿದ್ಯುಚ್ಛಕ್ತಿ’ ಪಾಠಕ್ಕೆ ಅದರ ಡಿಸಿ ಸರ್ಕಿಟ್ ಕಿಟ್ ಹೇಗೆ ಬಳಸಬಹುದೆಂದು ನೋಡಿ. 9 ವೋಲ್ಟಿನ ಬ್ಯಾಟರಿ, 10 ಓಮ್ ರೋಧಕ, ಒಂದು ಸ್ವಿಚ್, ಒಂದು ಅಮ್ಮೀಟರ್ ಎಳೆದು ಜೋಡಿಸಿ, ಆದರೆ ಸ್ವಿಚ್ ಒತ್ತಬೇಡಿ. ಅಮ್ಮೀಟರ್ ಎಷ್ಟು ತೋರಿಸುತ್ತದೆಂದು ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆಯಲಿ. ಬರೆದ ಮೇಲೆ ಒತ್ತಿ: 0.90 ಆಂಪಿಯರ್. ಇನ್ನೊಂದು 10 ಓಮ್ ರೋಧಕವನ್ನು ಸರಣಿಯಲ್ಲಿ ಸೇರಿಸಿ ಮತ್ತೆ ಬರೆಸಿ, 0.45. ಅದೇ ರೋಧಕವನ್ನು ಸಮಾಂತರವಾಗಿ ಜೋಡಿಸುವ ಮೊದಲು ಬರೆಸಿದರೆ, ‘ರೋಧಕ ಹೆಚ್ಚಾಯಿತು, ವಿದ್ಯುತ್ ಕಡಿಮೆಯಾಗಬೇಕು’ ಎನ್ನುವ ಮಕ್ಕಳೇ ಬಹಳ. ಸ್ವಿಚ್ ಒತ್ತಿದಾಗ ಬ್ಯಾಟರಿಯ ಬಳಿಯ ಅಮ್ಮೀಟರ್ 1.80 ತೋರಿಸುತ್ತದೆ. ಪಾಠ ನಡೆಯುವುದು ಆ ಗಳಿಗೆಯಲ್ಲಿ. ಬರೆಸದೆ, ಕೇಳದೆ, ಶಿಕ್ಷಕರೇ ಒಂದಾದ ಮೇಲೊಂದು ಒತ್ತುತ್ತ ಹೋದರೆ ಅದೂ ಒಂದು ವಿಡಿಯೊ ಅಷ್ಟೇ. ಶಾರ್ಟ್ ಸರ್ಕಿಟ್ ಮಾಡಿದರೆ ಪರದೆಯಲ್ಲಿ ಬ್ಯಾಟರಿಗೆ ಬೆಂಕಿ ಹತ್ತುತ್ತದೆ. ಮಕ್ಕಳಿಗೆ ಅದು ಇಷ್ಟ, ಒಂದು ಸಲ ಆಗಲಿ ಬಿಡಿ. ಆದರೆ ನಿಜವಾದ ಸೆಲ್, ತಂತಿ, ಟಾರ್ಚ್ ಬಲ್ಬು ಮೇಜಿನ ಮೇಲೆ ಇರಲೇಬೇಕು. ತಿರುಚಿದ ತಂತಿ ಸಡಿಲವಾಗಿ ಬಲ್ಬು ಉರಿಯದಿರುವುದು ಫೆಟ್‌ನಲ್ಲಿ ಆಗುವುದಿಲ್ಲ, ಮಗು ಕಲಿಯಬೇಕಾದದ್ದರಲ್ಲಿ ಅದೂ ಸೇರಿದೆ.

ಗಣಿತಕ್ಕೆ ಜಿಯೋಜೀಬ್ರಾ ಎಂಬ ತಂತ್ರಾಂಶ. ಒಮ್ಮೆ ಇನ್‌ಸ್ಟಾಲ್ ಮಾಡಿದರೆ ಕ್ಲಾಸಿಕ್ 5 ಆವೃತ್ತಿ ಇಂಟರ್ನೆಟ್ ಇಲ್ಲದೆ ನಡೆಯುತ್ತದೆ. ಬಾಹ್ಯ ಬಿಂದುವನ್ನು ಎಳೆದಾಡುತ್ತ ವೃತ್ತದ ಎರಡು ಸ್ಪರ್ಶಕಗಳ ಉದ್ದ ಸಮನಾಗಿಯೇ ಉಳಿಯುವುದನ್ನು ತೋರಿಸಲು ಮೂರು ನಿಮಿಷ ಸಾಕು. ಪ್ರಮೇಯದ ಸಾಧನೆಯನ್ನು ಮಾತ್ರ ಹಲಗೆಯ ಮೇಲೇ ಮಾಡಬೇಕು. ಭಾಷೆಯ ಪಾಠಗಳಿಗೆ ಸ್ಟೋರಿವೀವರ್ ಜಾಲತಾಣದ ಕನ್ನಡ ಕತೆಗಳು, ಮುಕ್ತ ಪರವಾನಗಿಯವು, ಪಿಡಿಎಫ್ ಇಳಿಸಿಕೊಳ್ಳಬಹುದು. ಕಿವಿಕ್ಸ್ ಎಂಬ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯವನ್ನೇ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಳ್ಳಬಹುದು, ಆದರೆ ಲೇಖನಗಳ ಗುಣಮಟ್ಟ ಏಕರೂಪವಲ್ಲ, ಮೊದಲೇ ಓದಿ ನೋಡಿಕೊಂಡಿರಬೇಕು.

ಪಠ್ಯಪುಸ್ತಕದ ಪಾಠಗಳಿಗೆ ವಿಡಿಯೊ ಮೊದಲಾದವನ್ನು ಕೊಡುವ, 2017ರಲ್ಲಿ ಬಂದ ಸರ್ಕಾರಿ ದೀಕ್ಷಾ ಆ್ಯಪ್ ಹೆಚ್ಚಿನ ಶಿಕ್ಷಕರ ಫೋನಿನಲ್ಲಿ ಇದೆ. ಪಾಠಕ್ಕೆ ಬಳಸುವುದು ಮಾತ್ರ ಕಡಿಮೆ. ಕಾರಣ ಸರಳ. ತರಗತಿಯಲ್ಲಿ ಪುಸ್ತಕದ ಕ್ಯೂಆರ್ ಕೋಡಿಗೆ ಫೋನ್ ಹಿಡಿದು ಅಲ್ಲೇ ತೆರೆಯಲು ಹೋಗುತ್ತೇವೆ, ಸಿಗ್ನಲ್ ಇರುವುದಿಲ್ಲ. ಹಿಂದಿನ ಸಂಜೆಯೇ ಸ್ಕ್ಯಾನ್ ಮಾಡಿ ಡೌನ್‌ಲೋಡ್ ಮಾಡಿಕೊಂಡು, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಒಮ್ಮೆ ತೆರೆದು ನೋಡಬೇಕು. ಆಗ ತೆರೆದುಕೊಂಡರೆ ಮಾತ್ರ ನಾಳೆಯೂ ತೆರೆಯುತ್ತದೆ. ಕ್ಯೂಆರ್ ಗುರುತು ಸವೆದಿದ್ದರೆ ಅದರ ಕೆಳಗಿರುವ ಆರು ಅಕ್ಷರಗಳ ಕೋಡನ್ನು ಟೈಪ್ ಮಾಡಿದರಾಯಿತು.

ಕನ್ನಡದ್ದೇ ಒಂದು ತಲೆನೋವು ಬಾಕಿಯಿದೆ. ಮನೆಯ ಕಂಪ್ಯೂಟರಿನಲ್ಲಿ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಟಿಪ್ಪಣಿ ಶಾಲೆಯ ಲ್ಯಾಪ್‌ಟಾಪಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆಯುತ್ತದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರ ಕೂರಿಸಿದಂಥವು. ಫಾಂಟ್ ಇಲ್ಲದ ಕಡೆ ಕೆಳಗಿನ ಇಂಗ್ಲಿಷ್ ಮೇಲೆದ್ದು ಬರುತ್ತದೆ. ಹೊಸದಾಗಿ ಟೈಪ್ ಮಾಡುವುದೆಲ್ಲ ಯೂನಿಕೋಡ್‌ನಲ್ಲೇ ಆಗಲಿ. ಹಳೆಯದನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡು, ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಬೇಕು, ಎಡವುವುದು ಅಲ್ಲೇ. ನಾಳೆಯೇ ಪಾಠವಿದ್ದು ಸಮಯವಿಲ್ಲದಿದ್ದರೆ ಫಾಂಟ್ ಇರುವ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ಒಯ್ಯುವುದು ಸುಲಭದ ಉಪಾಯ.

ಪ್ರತಿ ಮಗುವಿಗೂ ಟ್ಯಾಬ್ ಕೊಡದೆ ಎಲ್ಲರ ಉತ್ತರ ಪಡೆಯಲು ಪ್ಲಿಕರ್ಸ್ ಎಂಬ ಸಾಧನವಿದೆ. ಮಕ್ಕಳ ಕೈಯಲ್ಲಿ ಮುದ್ರಿತ ಕಾರ್ಡು, ಶಿಕ್ಷಕರ ಕೈಯಲ್ಲಿ ಒಂದು ಫೋನು. ಮಗು ತನ್ನ ಉತ್ತರದ ಅಂಚು ಮೇಲೆ ಬರುವಂತೆ ಕಾರ್ಡನ್ನು ತಿರುಗಿಸಿ ಹಿಡಿದರೆ, ಫೋನಿನ ಕ್ಯಾಮೆರಾ ಒಂದೇ ಸುತ್ತಿನಲ್ಲಿ ಎಲ್ಲರದ್ದನ್ನೂ ಓದುತ್ತದೆ. ಕೆಡುವುದು ಮೂರು ಕಡೆ: ಹೊಳಪಿನ ಲ್ಯಾಮಿನೇಷನ್ ಬೆಳಕನ್ನು ಪ್ರತಿಫಲಿಸುತ್ತದೆ, ಬೆರಳು ಕಪ್ಪು ಗುರುತನ್ನು ಮುಚ್ಚುತ್ತದೆ, ಮಕ್ಕಳ ಬೆನ್ನ ಹಿಂದೆ ಕಿಟಕಿಯಿದ್ದರೆ ಕಾರ್ಡು ಕಪ್ಪಾಗಿ ಕಾಣುತ್ತದೆ. ದಪ್ಪ ಡ್ರಾಯಿಂಗ್ ಹಾಳೆಗೆ ಅಂಟಿಸಿ, ಅಂಚು ಹಿಡಿಯುವುದನ್ನು ಕಲಿಸಬೇಕು. ಫೋನಿಗೆ ಇಂಟರ್ನೆಟ್ ಬೇಕು. ಸಿಗ್ನಲ್ ಇಲ್ಲದ ಊರಿನಲ್ಲಿ ನಾಲ್ಕು ಬಣ್ಣದ ಕಾಗದದ ಚೀಟಿಗಳೇ ಮುಕ್ಕಾಲು ಪಾಲು ಕೆಲಸ ಮಾಡುತ್ತವೆ.

1ರಿಂದ 3ನೇ ತರಗತಿಯ ನಲಿಕಲಿ ಕೋಣೆಗೆ ಟಿವಿ ಬೇಡವೆಂದೇ ನನ್ನ ಅಭಿಪ್ರಾಯ. ಅಲ್ಲಿ ಮಕ್ಕಳು ಗುಂಪುಗುಂಪಾಗಿ ಕುಳಿತು ತಮ್ಮ ತಮ್ಮ ಮೆಟ್ಟಿಲಿನ ಕಾರ್ಡುಗಳ ಮೇಲೆ ಕೆಲಸ ಮಾಡುತ್ತಾರೆ. ಎಲ್ಲರನ್ನೂ ಒಂದೇ ಕಡೆ ತಿರುಗಿಸುವ ಪರದೆ ಆ ಪದ್ಧತಿಗೇ ಅಡ್ಡಿ. ಹಾಡು, ಕತೆ ಕೇಳಿಸಲು ಒಂದು ಒಳ್ಳೆಯ ಸ್ಪೀಕರ್ ಕೊಡಿ.

ಕೊನೆಯದಾಗಿ, ದಾನಪತ್ರದಲ್ಲಿ ಬರೆಯಬೇಕಾದ ಸಂಗತಿಗಳು. ಯಂತ್ರವನ್ನು ಆಫೀಸಿನ ಬೀರುವಿನಲ್ಲಿಡದೆ ಒಂದೇ ಕೋಣೆಯಲ್ಲಿ ಕಬ್ಬಿಣದ ಚೌಕಟ್ಟಿನೊಳಗೆ ಸ್ಥಿರವಾಗಿ ಕೂರಿಸಬೇಕು. ಪ್ರತಿ ಸಲ ಹೊತ್ತು ತಂದು ಜೋಡಿಸಲು ಹತ್ತು ನಿಮಿಷ ಹೋದರೆ 40 ನಿಮಿಷದಲ್ಲಿ ಕಾಲು ಭಾಗ ಮುಗಿಯಿತು. ಆ ಕೋಣೆಗೆ ವೇಳಾಪಟ್ಟಿಯಲ್ಲಿ ಯಾವ ತರಗತಿ ಯಾವ ದಿನ ಬರುವುದೆಂದು ನಿಗದಿಯಾಗಿರಬೇಕು, ಸಾಧ್ಯವಾದರೆ ಎರಡು ಅವಧಿ ಒಟ್ಟಿಗೆ. ರಿಮೋಟ್ ಮತ್ತು ಬೀಗದ ಕೈ ಮುಖ್ಯ ಶಿಕ್ಷಕರೊಬ್ಬರ ಬಳಿಯಷ್ಟೇ ಇರಬಾರದು, ಅವರು ತಾಲ್ಲೂಕಿಗೆ ಮೀಟಿಂಗಿಗೆ ಹೋದ ದಿನವೂ ಪಾಠ ಇರುತ್ತದಲ್ಲ. ಮಕ್ಕಳ ದಾಖಲೆಯ ಎಸ್‌ಎಟಿಎಸ್ ಜಾಲತಾಣ, ಬಿಸಿಯೂಟದ ದಿನದ ಲೆಕ್ಕ ಎಂದು ಶಿಕ್ಷಕರ ಸ್ವಂತ ಫೋನು, ಸ್ವಂತ ಡೇಟಾ ಈಗಾಗಲೇ ದುಡಿಯುತ್ತಿವೆ. ಪಾಠಕ್ಕೆ ಬೇಕಾದ ಲ್ಯಾಪ್‌ಟಾಪ್ ಶಾಲೆಯದ್ದೇ ಆಗಿರಲಿ. ಕೊಡುವ ಹಣದಲ್ಲಿ ಐದನೆಯ ಒಂದು ಭಾಗವನ್ನು ಯಂತ್ರಕ್ಕೆ ಸುರಿಯದೆ ಎಸ್‌ಡಿಎಂಸಿ ಖಾತೆಯಲ್ಲಿ ರಿಪೇರಿಗೆಂದು ಬಿಡಿ. ಶಿಕ್ಷಣ ಇಲಾಖೆ ಪ್ರತಿ ತಾಲ್ಲೂಕಿನ ಬಿಆರ್‌ಸಿಯಲ್ಲಿ (ಸಂಪನ್ಮೂಲ ಕೇಂದ್ರದಲ್ಲಿ) ರಿಪೇರಿ ಗೊತ್ತಿರುವ ಒಬ್ಬರನ್ನು, ಜೊತೆಗೆ ಬದಲಿ ಕೊಡಲು ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್, ಎರಡು ಕೇಬಲ್ ಇಟ್ಟರೆ, ಕೆಟ್ಟು ನಿಂತ ಯಂತ್ರ ವಾರದೊಳಗೆ ಮತ್ತೆ ಓಡುತ್ತದೆ.

ಇತಿ,
ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಹಾವೇರಿ ಜಿಲ್ಲೆ