ಮುಖಪುಟ ಹಾಡುವವರಿಗಿರಲಿ

ಮಾನ್ಯ ಸಂಪಾದಕರೇ,

ಸಂಗೀತ ಪತ್ರಿಕೆಗಳು ಮುಖಪುಟದಲ್ಲಿ ಕ್ರೀಡಾ ತಾರೆಯರನ್ನು ತಂದು ಕೂರಿಸುವುದು ಸರಿಯಲ್ಲ. ಮೊನ್ನೆ ಅವೆನ್ಯೂ ರಸ್ತೆಯ ಹಳೆ ಪುಸ್ತಕಗಳ ರಾಶಿಯಲ್ಲಿ ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆಯ 1996ರ ಡಿಸೆಂಬರ್ ಸಂಚಿಕೆಯೊಂದು ಕೈಗೆ ಸಿಕ್ಕಿತು. ಅಂಚು ಮಡಚಿತ್ತು, ಮೂಲೆಯಲ್ಲಿ ಯಾರದೋ ಟೀ ಲೋಟದ ಕಲೆ. ಮುಖಪುಟದಲ್ಲಿದ್ದವರು ಮಾತ್ರ ಬ್ಯಾಸ್ಕೆಟ್‌ಬಾಲ್ ಆಟಗಾರ ಡೆನಿಸ್ ರಾಡ್‌ಮನ್! 1967ರಲ್ಲಿ ‘ಬೀಟಲ್ಸ್’ ತಂಡದ ಗಾಯಕ ಜಾನ್ ಲೆನನ್ ಅವರ ಚಿತ್ರದೊಂದಿಗೆ ಹೊರಟ ಪತ್ರಿಕೆ ಇದು.

ಆ ಪತ್ರಿಕೆ ಸಂಗೀತದ ಜತೆಗೆ ರಾಜಕೀಯವನ್ನೂ ಬರೆಯುತ್ತಾ ಬಂದಿದೆ, ಹೆಸರುವಾಸಿ ಮುಖವಿದ್ದರೆ ನಾಲ್ಕು ಪ್ರತಿ ಹೆಚ್ಚು ಖರ್ಚಾಗುತ್ತವೆ ಎಂಬುದೆಲ್ಲ ನಿಜವೇ. ಆದರೆ ಆಟಗಾರರಿಗೆ ದಿನಪತ್ರಿಕೆಯ ಕ್ರೀಡಾಪುಟವಿದೆ, ಟಿ.ವಿ. ಇದೆ, ಸಿಮೆಂಟಿನಿಂದ ಬಿಸ್ಕತ್ತಿನವರೆಗೆ ಜಾಹೀರಾತುಗಳಿವೆ. ಈಗಷ್ಟೇ ಮೊದಲ ಆಲ್ಬಮ್ ತಂದ ಗಾಯಕಿಗೋ, ಬೇರೆಯವರ ಹಾಡುಗಳಿಗೆ ವರ್ಷಗಟ್ಟಲೆ ಡ್ರಮ್ಸ್ ನುಡಿಸಿದವನಿಗೋ ಇರುವುದು ಇದೊಂದೇ ಜಾಗ. ಅದನ್ನೂ ಕಸಿದರೆ ಹೇಗೆ?

ಆಟಗಾರರು ಹಾಡಬಾರದೆಂದು ನನ್ನ ವಾದವಲ್ಲ. ಬ್ಯಾಸ್ಕೆಟ್‌ಬಾಲ್ ಆಟಗಾರ ಶಕೀಲ್ ಓನೀಲ್ 1993ರಲ್ಲಿ ತಂದ ರ‍್ಯಾಪ್ ಆಲ್ಬಮ್ ಲಕ್ಷಗಟ್ಟಲೆ ಮಾರಾಟವಾಗಿತ್ತು. ವೇಗದ ಬೌಲರ್ ಬ್ರೆಟ್ ಲೀ 2006ರಲ್ಲಿ ಆಶಾ ಭೋಸ್ಲೆ ಅವರೊಂದಿಗೆ ದನಿಗೂಡಿಸಿದ್ದರು. ಅಂಥವರ ಹಾಡಿಗೆ ಯೋಗ್ಯತೆಯಿದ್ದರೆ ಮುಖಪುಟವೂ ಸಿಗಲಿ. ಉಳಿದ ಆಟಗಾರರ ಮೆಚ್ಚಿನ ಹಾಡುಗಳ ಬಗ್ಗೆ ಒಳಗೊಂದು ಪುಟ ಮೀಸಲಿಡಬಹುದು. ವರ್ಷಕ್ಕೆರಡು ಸಂಚಿಕೆಗಳ ಮುಖಪುಟವನ್ನಾದರೂ ವಾದ್ಯ ನುಡಿಸುವವರಿಗೆ ಬಿಟ್ಟುಕೊಡಲು ಸಂಗೀತ ಪತ್ರಿಕೆಗಳು ಮನಸ್ಸು ಮಾಡಲಿ.

— ಓದುಗ, ಬೆಂಗಳೂರು