ಅರ್ಧ ಬೆಲೆಯ ಕ್ಯಾಡಿಲಾಕ್, ಪೂರ್ತಿ ಬೆಲೆಯ ಬಿಡಿಭಾಗ

ಮಾನ್ಯ ಸಂಪಾದಕರೇ,

ಕಾರುಗಳ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವ ಬರಹಗಳು ಬಹುಪಾಲು ಹೊಸ ಕಾರುಗಳವು. ಹತ್ತು–ಹದಿನೈದು ವರ್ಷ ಓಡಿದ ಕಾರು ಕೊಳ್ಳುವವರಿಗೆ ಬೇಕಾದ ಮಾತು ಎಲ್ಲೂ ಸಿಗುವುದಿಲ್ಲ. ಅಮೆರಿಕಕ್ಕೆ ನೌಕರಿಗೆ ಬಂದ ನಮ್ಮ ಮಕ್ಕಳು ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ಜನರಲ್ ಮೋಟರ್ಸ್ ಕಂಪನಿಯ ವೇಗದ ಕಾರಾದ ಕ್ಯಾಡಿಲಾಕ್ ಸಿಟಿಎಸ್-ವಿಯನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಲು ಕಣ್ಣು ಹಾಕುವುದುಂಟು. ಅಂಥವರಿಗೂ, ಊರಿನಲ್ಲಿ ಕುಳಿತು ಅವರ ಚಿಂತೆ ಮಾಡುವ ಹೆತ್ತವರಿಗೂ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು 2009ರಿಂದ 2014ರವರೆಗಿನ ಎರಡನೇ ತಲೆಮಾರಿನ ಸೆಡಾನ್ ಬಗ್ಗೆ. ಮಿಶಿಗನ್ ರಾಜ್ಯದ ಲಾನ್ಸಿಂಗ್‌ನಲ್ಲಿ ತಯಾರಾದ ಕಾರು ಇದು. 6.2 ಲೀಟರಿನ ವಿ8 ಎಂಜಿನ್, ಅದರ ಮೇಲೆ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್, 556 ಅಶ್ವಶಕ್ತಿ. 2008ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನ ಒಂದು ಸುತ್ತನ್ನು 7 ನಿಮಿಷ 59 ಸೆಕೆಂಡಿನಲ್ಲಿ ಮುಗಿಸಿತ್ತು. ಹೊಸದಾಗಿದ್ದಾಗ ಸುಮಾರು 60,000 ಡಾಲರ್ ಇದ್ದ ಕಾರು ಈಗ ಅರ್ಧಕ್ಕೋ, ಅದಕ್ಕೂ ಕಡಿಮೆಗೋ ಸಿಗುತ್ತದೆ. ಇಳಿದಿರುವುದು ಕಾರಿನ ಬೆಲೆ ಮಾತ್ರ, ಬಿಡಿಭಾಗಗಳ ಬೆಲೆಯಲ್ಲ. ಅದರ ಬ್ರೇಕು, ಟೈರು, ಶಾಕ್ ಅಬ್ಸಾರ್ಬರುಗಳಿಗೆ ಇಂದಿಗೂ 60,000 ಡಾಲರಿನ ಕಾರಿನ ದರವನ್ನೇ ತೆರಬೇಕು. ಇದನ್ನು ಲೆಕ್ಕಕ್ಕೆ ಹಿಡಿಯದೆ ಕೊಂಡವರು ಎರಡನೇ ವರ್ಷಕ್ಕೆ ಮಾರಿಬಿಡುತ್ತಾರೆ, ಮಾಡದೆ ಬಿಟ್ಟ ರಿಪೇರಿಯೆಲ್ಲ ಮುಂದಿನವರ ತಲೆಗೆ ಬರುತ್ತದೆ.

ಮೊದಲು ನೋಡಬೇಕಾದದ್ದು ಸೂಪರ್‌ಚಾರ್ಜರ್. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಬಾನೆಟ್ ಎತ್ತಿ, ಐಡ್ಲಿಂಗ್‌ನಲ್ಲಿ ಬಿಟ್ಟು ಕಿವಿಗೊಡಿ. ತಗಡಿನ ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು ಮುಂಭಾಗದಿಂದ ಬಂದು, ಸ್ವಲ್ಪ ಆಕ್ಸಿಲರೇಟರ್ ಒತ್ತಿದೊಡನೆ ನಿಂತರೆ ಅದು ಐಸೊಲೇಟರ್‌ನ ಸವಕಳಿ. ಬೆಲ್ಟ್ ತಿರುಗಿಸುವ ಪುಲ್ಲಿಗೂ ಒಳಗೆ ಗಾಳಿ ತಳ್ಳುವ ರೋಟರುಗಳಿಗೂ ನಡುವೆ ಕುಳಿತ ಸ್ಪ್ರಿಂಗಿನ ಜೋಡಣೆ ಅದು. ಎಂಜಿನ್ನಿನ ಪ್ರತಿ ಉರಿತದ ಎಳೆತವನ್ನು ಹೀರಿಕೊಂಡು ರೋಟರುಗಳನ್ನು ಸಮನಾಗಿ ತಿರುಗಿಸುವುದು ಅದರ ಕೆಲಸ. ಸ್ಪ್ರಿಂಗ್ ಸಡಿಲವಾದರೆ ಕಡಿಮೆ ವೇಗದಲ್ಲಿ ಹಿಂದು–ಮುಂದು ಬಡಿದಾಡುತ್ತದೆ. ಖಾತ್ರಿ ಮಾಡಿಕೊಳ್ಳಲು ಎಂಜಿನ್ ನಿಲ್ಲಿಸಿ, ಸೂಪರ್‌ಚಾರ್ಜರಿನ ಬೆಲ್ಟ್ ಕಳಚಿ, ಪುಲ್ಲಿಯನ್ನು ಕೈಯಿಂದ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ಬಿಗಿಯಾದ ಸ್ಪ್ರಿಂಗಿನ ತಡೆ ಸಿಗಬೇಕು. ತಡೆಯಿಲ್ಲದೆ ಕಟಕಟ ಎಂದು ಆಡಿದರೆ ಹೋಗಿದೆ ಎಂದೇ ಅರ್ಥ.

ಇದಕ್ಕಾಗಿ ಇಡೀ ಸೂಪರ್‌ಚಾರ್ಜರ್ ಬದಲಿಸಬೇಕೆಂದು ಹೇಳುವ ಗ್ಯಾರೇಜನ್ನು ಬಿಟ್ಟು ಇನ್ನೊಂದನ್ನು ಹುಡುಕಿ. ಮುಂದಿನ ಮೂತಿಯನ್ನಷ್ಟೇ ಬಿಚ್ಚಿ ಐಸೊಲೇಟರ್ ಬದಲಿಸಬಹುದು. ಸ್ಪ್ರಿಂಗ್ ಇಲ್ಲದ ಗಟ್ಟಿ ಜೋಡಣೆಯೂ ಮಾರುಕಟ್ಟೆಯಲ್ಲಿದೆ, ಹಲವರು ಅದನ್ನೇ ಹಾಕಿಸುತ್ತಾರೆ. ಮೂತಿ ಬಿಚ್ಚಿದ ಮೇಲೆ ಒಳಗಿನ ಆಯಿಲನ್ನು ಹೊಸದಾಗಿ ತುಂಬಬೇಕು. ಸೂಪರ್‌ಚಾರ್ಜರಿನ ಆಯಿಲ್ ಬೇರೆಯದೇ, ಎಂಜಿನ್ ಆಯಿಲಿಗೂ ಅದಕ್ಕೂ ಸಂಬಂಧವಿಲ್ಲ. ಹಳೆಯ ಸೀಲಂಟ್ ಪೂರ್ತಿ ಕೆರೆದು ತೆಗೆಯದಿದ್ದರೆ ಕೂಡುವ ಜಾಗದಿಂದ ಆಯಿಲ್ ಜಿನುಗಲು ಶುರುವಾಗುತ್ತದೆ.

ಇಂಟರ್‌ಕೂಲರ್ ಕೈಕೊಟ್ಟರೆ ಮಾತ್ರ ಸದ್ದೇ ಬರುವುದಿಲ್ಲ, ಅದಕ್ಕೇ ಅದು ಹೆಚ್ಚು ಅಪಾಯ. ಒತ್ತಿ ಬಿಸಿಯಾದ ಗಾಳಿಯನ್ನು ತಣಿಸಲು ಈ ಕಾರಿನಲ್ಲಿ ಪ್ರತ್ಯೇಕ ಕೂಲಂಟ್, ಪ್ರತ್ಯೇಕ ಟ್ಯಾಂಕು, ಒಂದು ಎಲೆಕ್ಟ್ರಿಕ್ ಪಂಪು ಇವೆ. ಪಂಪು ಸತ್ತರೂ ಕಾರು ಓಡುತ್ತಲೇ ಇರುತ್ತದೆ. ಒಳಗೆ ಹೋಗುವ ಗಾಳಿ ಬಿಸಿಯಾದಷ್ಟೂ ಕಂಪ್ಯೂಟರ್ ಇಗ್ನಿಷನ್ ಟೈಮಿಂಗನ್ನು, ಅಂದರೆ ಪ್ಲಗ್ಗಿನ ಕಿಡಿ ಹಾರುವ ಹೊತ್ತನ್ನು, ತಡ ಮಾಡುತ್ತದೆ, ಶಕ್ತಿ ಇಳಿಯುತ್ತದೆ, ಓಡಿಸುವವರಿಗೆ ಕಾರು ‘ಯಾಕೋ ಮಂದ’ ಅನ್ನಿಸುತ್ತದೆ ಅಷ್ಟೆ. ತಣ್ಣಗಿರುವ ಎಂಜಿನ್ ಚಾಲೂ ಮಾಡಿ ಇಂಟರ್‌ಕೂಲರ್ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಡಿ. ಒಳಗೆ ಕೂಲಂಟ್ ಸುಳಿಯುತ್ತಿರುವುದು ಕಾಣಬೇಕು. ಸ್ಕ್ಯಾನರ್ ಇದ್ದರೆ ಸೂಪರ್‌ಚಾರ್ಜರ್ ದಾಟಿದ ಗಾಳಿಯ ಉಷ್ಣತೆ ನೋಡಿ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಅದು ಇಳಿದು ಹೊರಗಿನ ಉಷ್ಣತೆಯ ಹತ್ತಿರಕ್ಕೆ ಬರಬೇಕು. ಇಳಿಯದಿದ್ದರೆ ಪಂಪು ಹೋಗಿದೆ, ಇಲ್ಲವೇ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ. ತುಂಬುವಾಗ ಡೆಕ್ಸ್‌ಕೂಲ್ ಎಂಬ ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧರ್ಧ. ವ್ಯಾಕ್ಯೂಮ್ ಹಿಡಿದು ತುಂಬಿದರೆ ಗಾಳಿಯ ಕಾಟ ತಪ್ಪುತ್ತದೆ.

ಈ ಟ್ಯಾಂಕಿನ ಮಟ್ಟ ಇಳಿಯುತ್ತಾ ಹೋಗಿ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಕಾರು ಚಾಲೂ ಮಾಡಲೇಬೇಡಿ. ಸೂಪರ್‌ಚಾರ್ಜರಿನ ಒಳಗಿನ ಇಂಟರ್‌ಕೂಲರ್ ಒಡೆದು ಕೂಲಂಟ್ ನೇರ ಸಿಲಿಂಡರಿಗೆ ಇಳಿಯುತ್ತಿರಬಹುದು. ದ್ರವವನ್ನು ಪಿಸ್ಟನ್ ಒತ್ತಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಎಂಟೂ ಪ್ಲಗ್ ಬಿಚ್ಚಿ ನೋಡಿಸಿ.

ಇಷ್ಟು ಶಕ್ತಿ ಸಾಲದೆಂದು, ಸೂಪರ್‌ಚಾರ್ಜರ್ ಇನ್ನೂ ವೇಗವಾಗಿ ತಿರುಗಲು ಚಿಕ್ಕ ಪುಲ್ಲಿ ಹಾಕಿ, ಕಂಪ್ಯೂಟರ್ ಪ್ರೋಗ್ರಾಂ ಬದಲಿಸಿದ ಕಾರುಗಳು ಮಾರಾಟಕ್ಕೆ ಬಹಳ ಬರುತ್ತವೆ. ಜಾಹೀರಾತಿನಲ್ಲಿ 650, 700 ಅಶ್ವಶಕ್ತಿ ಎಂದು ಬರೆದಿದ್ದರೆ ಅದನ್ನು ಎಚ್ಚರಿಕೆಯ ಹಲಗೆ ಎಂದೇ ಓದಬೇಕು. ಈ ಎಂಜಿನ್ನಿನ ಪಿಸ್ಟನ್ನುಗಳು ಫೋರ್ಜ್ ಮಾಡಿದವಲ್ಲ, ಎರಕದವು. ಪೆಟ್ರೋಲ್ ಸಾಲದೆ ನಾಕಿಂಗ್, ಅಂದರೆ ಸಿಲಿಂಡರಿನೊಳಗೆ ಇಂಧನ ತಾನಾಗಿ ಹೊತ್ತಿ ಬಡಿಯುವುದು, ಶುರುವಾದರೆ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಅಂಚು ಮುರಿಯುತ್ತದೆ. ಆದ್ದರಿಂದ ಹಣ ಕೊಡುವ ಮೊದಲೇ ಎಂಟೂ ಸಿಲಿಂಡರುಗಳು ಎಷ್ಟು ಒತ್ತಡ ಹಿಡಿಯುತ್ತವೆ ಎಂದು ಅಳೆಯುವ ಕಂಪ್ರೆಷನ್ ಟೆಸ್ಟ್ ಆಗಬೇಕು: ಪೆಟ್ರೋಲ್ ಕಡಿದು, ಥ್ರಾಟಲ್ ಪೂರ್ತಿ ತೆರೆದು, ಒಂದೊಂದಕ್ಕೂ ನಾಲ್ಕು ಕಂಪ್ರೆಷನ್ ಸ್ಟ್ರೋಕ್. ಅತಿ ಕಡಿಮೆ ಬಂದದ್ದು ಅತಿ ಹೆಚ್ಚು ಬಂದದ್ದರ ಶೇ 70ಕ್ಕಿಂತ ಕೆಳಗಿರಬಾರದು, ಯಾವುದೂ 100 ಪಿಎಸ್‌ಐಗಿಂತ ಕಡಿಮೆ ಇರಬಾರದು. ಈ ಟೆಸ್ಟಿಗೆ ಒಪ್ಪದ ಮಾರಾಟಗಾರನ ಕಾರು ಎಷ್ಟೇ ಅಗ್ಗವಾಗಿದ್ದರೂ ಬೇಡ.

ಪೆಟ್ರೋಲ್ ವಿಷಯದಲ್ಲಿ ಊರಿನಿಂದ ಬಂದವರಿಗೆ ಗೊಂದಲವಾಗುತ್ತದೆ. ಅಮೆರಿಕದ ಪಂಪಿನ ಮೇಲಿರುವ ಆಕ್ಟೇನ್ ಸಂಖ್ಯೆ ಎರಡು ಬಗೆಯ ಅಳತೆಗಳ ಸರಾಸರಿ, ಭಾರತದಲ್ಲಿ ಬರೆಯುವ ಸಂಖ್ಯೆಗಿಂತ ನಾಲ್ಕೈದು ಕಡಿಮೆ ಬರುತ್ತದೆ. ಈ ಕಾರಿಗೆ ಅಮೆರಿಕದ ಪಂಪಿನ 91 ಅಥವಾ ಮೇಲಿನದೇ ಬೇಕು. 87ರ ರೆಗ್ಯುಲರ್ ಹಾಕಿ ಉಳಿಸಿದ ದುಡ್ಡು ದುಡ್ಡಲ್ಲ.

ಈ ಕಾರಿನ ಮ್ಯಾಗ್ನೆಟಿಕ್ ರೈಡ್ ಎಂಬ ಶಾಕ್ ಅಬ್ಸಾರ್ಬರುಗಳಲ್ಲಿ ಕಬ್ಬಿಣದ ಕಣ ಬೆರೆತ ದ್ರವವಿದೆ. ಕಂಪ್ಯೂಟರ್ ವಿದ್ಯುತ್ ಹರಿಸಿ ಅದನ್ನು ಕ್ಷಣಾರ್ಧದಲ್ಲಿ ಗಟ್ಟಿ ಮಾಡುತ್ತದೆ. ಸೀಲ್ ಹೋದರೆ ಹೊರಮೈ ಒದ್ದೆಯಾಗಿ ಧೂಳು ಹಿಡಿದಿರುತ್ತದೆ, ಚಕ್ರದ ಹಿಂದೆ ಟಾರ್ಚ್ ಬಿಟ್ಟರೆ ಕಾಣುತ್ತದೆ. ಮಾಮೂಲಿ ಶಾಕ್ ಹಾಕಿ, ಡ್ಯಾಶ್‌ಬೋರ್ಡಿನ ಎಚ್ಚರಿಕೆ ಬಾರದಂತೆ ರೆಸಿಸ್ಟರ್ ಜೋಡಿಸಿದ ಕಾರುಗಳೂ ಇವೆ. ಪ್ರತಿ ಶಾಕಿಗೂ ವಯರು ಹೋಗಿದೆಯೇ ನೋಡಿ.

ಟೈರ್ ಮುಂದೆ 255/40, ಹಿಂದೆ 285/35, ಎರಡೂ 19 ಇಂಚು. ಅಳತೆ ಬೇರೆಯಾದ್ದರಿಂದ ಹಿಂದು–ಮುಂದು ಬದಲಾಯಿಸಲಾಗದು, ಹಿಂದಿನವು ಬೇಗ ಸವೆಯುತ್ತವೆ. ಸ್ಟೆಪ್ನಿಯೂ ಇಲ್ಲ. ಬೇಸಿಗೆಯ ಟೈರುಗಳ ರಬ್ಬರ್ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಿಡಿತ ಕಳೆದುಕೊಳ್ಳುತ್ತದೆ. ಮಿಶಿಗನ್, ಷಿಕಾಗೊ ಕಡೆ ಇರುವವರು ಚಳಿಗಾಲಕ್ಕೆ ಬೇರೆ ಸೆಟ್ ಇಟ್ಟುಕೊಳ್ಳಲೇಬೇಕು. ಮುಂದಿನ ಬ್ರೇಕ್ ಡಿಸ್ಕ್ 380 ಮಿ.ಮೀ., ಆದ್ದರಿಂದ ಚಿಕ್ಕ ಚಕ್ರ ಕೊಳ್ಳುವ ಮೊದಲು ಕ್ಯಾಲಿಪರಿಗೆ ತಾಗುತ್ತದೆಯೇ ಎಂದು ಹಾಕಿಯೇ ನೋಡಿ.

ಎರಡು ಹಿಂಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಸೀಲ್ ಜಿನುಗುವುದು, ಬುಶ್ ಹರಿಯುವುದು ಸಾಮಾನ್ಯ. ಇಲ್ಲಿ ಎಂಜಿನಿಯರುಗಳು ಮಾಡಿರುವ ಕೆಲಸ ನನಗೆ ಬಹಳ ಮೆಚ್ಚುಗೆ. ಒಮ್ಮೆಲೇ ಎಳೆದಾಗ ಹಿಂಚಕ್ರಗಳು ಕುಪ್ಪಳಿಸಬಾರದೆಂದು ಒಂದು ಬದಿಯ ಆಕ್ಸಲ್ 35 ಮಿ.ಮೀ., ಇನ್ನೊಂದು ಬದಿಯದು 55 ಮಿ.ಮೀ. ದಪ್ಪ ಇಟ್ಟಿದ್ದಾರೆ. ಎರಡೂ ಒಂದೇ ರೀತಿ ತಿರುಚಿಕೊಂಡು ನಡುಗದಂತೆ ಈ ಉಪಾಯ. ಬದಲಿಸುವಾಗ ಯಾವ ಬದಿಯದೆಂದು ನೋಡಿಯೇ ತರಿಸಬೇಕು. ಮ್ಯಾನುಯಲ್ ಗೇರಿನ ಕಾರಾದರೆ ಕ್ಲಚ್ಚಿನ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸಿನ ಹೊಟ್ಟೆಯೊಳಗಿದೆ. ಅದೊಂದು ಸೋರಿದರೂ ಗೇರ್‌ಬಾಕ್ಸ್ ಇಳಿಸಬೇಕು. ಇಳಿಸಿದ ಮೇಲೆ ಕ್ಲಚ್ ಪ್ಲೇಟನ್ನೂ ಒಟ್ಟಿಗೇ ಹಾಕಿಸಿಬಿಡಿ, ಕೂಲಿ ಎರಡು ಸಲ ಕೊಡುವುದು ತಪ್ಪುತ್ತದೆ.

ಎಂಜಿನ್ ಆಯಿಲ್ 5ಡಬ್ಲ್ಯು-30 ಸಿಂಥೆಟಿಕ್, ಆರು ಕ್ವಾರ್ಟ್, ಅಂದರೆ ಸುಮಾರು 5.7 ಲೀಟರ್. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ.

ಡೆಟ್ರಾಯಿಟ್ ನಗರದ ಕೆಳಗೇ ಉಪ್ಪಿನ ಗಣಿಯಿದೆ. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಕಾರಿನ ತಳವನ್ನು ತಿನ್ನುತ್ತದೆ. ಉತ್ತರದ ರಾಜ್ಯಗಳ ಕಾರಾದರೆ ಲಿಫ್ಟಿಗೆ ಏರಿಸಿ ಬ್ರೇಕ್ ಪೈಪುಗಳನ್ನು ನೋಡದೆ ಮಾತು ಮುಗಿಸಬೇಡಿ. 2014ರಲ್ಲಿ ಜನರಲ್ ಮೋಟರ್ಸ್ 2003ರಿಂದ 2014ರವರೆಗಿನ ಸಿಟಿಎಸ್ ಕಾರುಗಳನ್ನು ಕೀ ತಾನಾಗಿ ತಿರುಗಿ ಎಂಜಿನ್ ನಿಲ್ಲುವ ದೋಷಕ್ಕಾಗಿ ವಾಪಸು ಕರೆದಿತ್ತು. ಆ ಕೆಲಸ ಆಗಿದೆಯೇ ಎಂಬುದು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ಜಾಲತಾಣದಲ್ಲಿ ಕಾರಿನ ವಿಐಎನ್, ಅಂದರೆ 17 ಅಕ್ಷರ–ಅಂಕಿಗಳ ಗುರುತಿನ ಸಂಖ್ಯೆ, ಹಾಕಿದರೆ ಪುಕ್ಕಟೆ ಸಿಗುತ್ತದೆ. ಆಗಿಲ್ಲದಿದ್ದರೆ ಆಗುವವರೆಗೆ ಕೀಗೆ ಗೊಂಚಲು ಕಟ್ಟದೆ ಅದೊಂದನ್ನೇ ಬಳಸಿ.

ಊರಿಗೆ ಮರಳುವಾಗ ಕಾರನ್ನೂ ತರೋಣವೆಂದು ಕೇಳುವವರಿದ್ದಾರೆ. ಭಾರತದ ನಿಯಮದಂತೆ ಆಮದಾಗುವ ಹಳೆಯ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಈ ಕಾರಿಗೆ ಎರಡೂ ಆಗದು. ಮರಳುವ ಯೋಚನೆಯಿದ್ದವರು ಮಾರಾಟಕ್ಕೆ ನಾಲ್ಕು ತಿಂಗಳಾದರೂ ಇಟ್ಟುಕೊಳ್ಳಿ, ಸರ್ವೀಸ್ ರಸೀದಿಗಳನ್ನೆಲ್ಲ ಜೋಡಿಸಿಡಿ. ಇಂಥ ಕಾರಿಗೆ ಬೆಲೆ ನಿಲ್ಲುವುದೇ ಆ ರಸೀದಿಗಳಿಂದ.

ಇಂತಿ,
ನಿಮ್ಮ ಓದುಗ,
ಡೆಟ್ರಾಯಿಟ್ ಬಳಿ, ಮಿಶಿಗನ್