ಹೊರಾಂಗಣ ಸಮಾರಂಭದಲ್ಲಿ ವಿಕಲಚೇತನ ಅತಿಥಿಗಳಿಗೆ ಒಪ್ಪಿಕೊಂಡ ವ್ಯವಸ್ಥೆ ಮಾಡದಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಸಮಾರಂಭ ನಿರ್ವಹಣಾ ಸಂಸ್ಥೆ, ಮೈಸೂರು.

ಇವರಿಂದ,
ಕಾರ್ಯದರ್ಶಿ,
ಹಳೆಯ ವಿದ್ಯಾರ್ಥಿಗಳ ಸಂಘ, ಮೈಸೂರು.

ಮಾನ್ಯರೇ,

ವಿಷಯ: ಕಳೆದ ತಿಂಗಳ ಗುರುವಂದನಾ ಕಾರ್ಯಕ್ರಮದಲ್ಲಿ ಆದ ಸೇವಾ ನ್ಯೂನತೆ ಹಾಗೂ ಹಣ ಮರುಪಾವತಿ.

ಶ್ರೀರಂಗಪಟ್ಟಣದ ದಾರಿಯಲ್ಲಿರುವ ತೋಟವೊಂದರಲ್ಲಿ ಕಳೆದ ತಿಂಗಳು ಸಂಜೆ ನಡೆದ ನಮ್ಮ ಸಂಘದ ಗುರುವಂದನಾ ಕಾರ್ಯಕ್ರಮದ ಪೂರ್ಣ ಹೊಣೆಯನ್ನು ತಮ್ಮ ಸಂಸ್ಥೆ ವಹಿಸಿಕೊಂಡಿತ್ತು. ಅತಿಥಿಗಳಲ್ಲಿ ಗಾಲಿಕುರ್ಚಿ ಬಳಸುವವರು, ಊರುಗೋಲು ಹಿಡಿದು ನಡೆಯುವವರು, ದೃಷ್ಟಿ ಇಲ್ಲದವರು ಮತ್ತು ಕಿವಿ ಕೇಳದವರು ಇದ್ದಾರೆಂದು ಮುಂಗಡ ಕೊಡುವ ಮೊದಲೇ ತಮಗೆ ಬರೆದು ತಿಳಿಸಿದ್ದೆವು. ಗಟ್ಟಿ ನೆಲಹಾಸಿನ ದಾರಿ, ವೇದಿಕೆಗೆ ರ‍್ಯಾಂಪ್, ಗಾಲಿಕುರ್ಚಿ ಹೋಗುವಂಥ ಶೌಚಾಲಯ, ಸನ್ನೆ ಭಾಷೆಯ ದುಭಾಷಿ, ಇವುಗಳಿಗೆ ತಮ್ಮ ಕೊಟೇಶನ್ನಿನಲ್ಲಿ ಪ್ರತ್ಯೇಕ ಮೊತ್ತ ನಮೂದಾಗಿತ್ತು. ಅದನ್ನು ಚೌಕಾಸಿ ಮಾಡದೆ ಪೂರ್ತಿ ಪಾವತಿಸಿದ್ದೇವೆ.

ಆದರೆ ವಾಹನ ನಿಲ್ಲಿಸುವ ಜಾಗದಿಂದ ಶಾಮಿಯಾನದವರೆಗೆ ಇದ್ದದ್ದು ಸಡಿಲವಾದ ಜಲ್ಲಿ, ಅದರಾಚೆಗೆ ಅದೇ ಮಧ್ಯಾಹ್ನ ನೀರು ಹಾಯಿಸಿದ್ದ ಹುಲ್ಲು. ಗಾಲಿಕುರ್ಚಿಯ ಮುಂದಿನ ಸಣ್ಣ ಚಕ್ರಗಳು ಇಂಥ ನೆಲದಲ್ಲಿ ಹೂತುಹೋಗುತ್ತವೆ, ಊರುಗೋಲಿನ ತುದಿ ಜಾರುತ್ತದೆ. ತೋಟದಲ್ಲಿ ಕಾರ್ಯಕ್ರಮ ಮಾಡುವವರು ಮೊದಲು ಯೋಚಿಸಬೇಕಾದದ್ದೇ ಇದನ್ನು. ಪ್ಲೈವುಡ್ ಹಲಗೆಗಳನ್ನು ಒಂದಕ್ಕೊಂದು ಜೋಡಿಸಿ ಹಾಸಿದ್ದರೂ ಸಾಕಾಗುತ್ತಿತ್ತು. ದಾರಿಗೆ ಅಡ್ಡಲಾಗಿ ಧ್ವನಿವರ್ಧಕದ ವೈರುಗಳನ್ನು ಮುಚ್ಚದೆ ಎಳೆದಿದ್ದರಿಂದ ಬಿಳಿಕೋಲು ಹಿಡಿದು ಬಂದ ನಮ್ಮ ಸಹಪಾಠಿಯೊಬ್ಬರು ಎಡವಿದರು. ಪಕ್ಕದಲ್ಲಿದ್ದವರು ಹಿಡಿದುಕೊಂಡದ್ದರಿಂದ ಪೆಟ್ಟಾಗಲಿಲ್ಲ ಎಂಬುದು ತಮ್ಮ ವ್ಯವಸ್ಥೆಗೆ ಸಲ್ಲುವ ಹೆಗ್ಗಳಿಕೆಯಲ್ಲ.

ರ‍್ಯಾಂಪಿನ ವಿಷಯವನ್ನು ವಿವರವಾಗಿಯೇ ಬರೆಯಬೇಕಾಗಿದೆ. ದೇಶದಲ್ಲಿ ಒಪ್ಪಿತವಾಗಿರುವ ಮಾನದಂಡದ ಪ್ರಕಾರ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು, ಅಂದರೆ ಒಂದು ಅಡಿ ಎತ್ತರ ಏರಲು ಕನಿಷ್ಠ 12 ಅಡಿ ಉದ್ದ ಬೇಕು. ತಾವು ಕಟ್ಟಿದ ವೇದಿಕೆಯ ಎತ್ತರ 2 ಅಡಿ. ಅದಕ್ಕೆ 24 ಅಡಿ ಉದ್ದದ, ಎರಡೂ ಬದಿ ಹಿಡಿಗಂಬಿ ಇರುವ ರ‍್ಯಾಂಪ್ ಆಗಬೇಕಿತ್ತು. ಅಲ್ಲಿ ಒರಗಿಸಿಟ್ಟಿದ್ದದ್ದು 6 ಅಡಿಯ ಹಲಗೆ, ಅದರ ಮೇಲೆ ನುಣುಪಾದ ಕೆಂಪು ರತ್ನಗಂಬಳಿ. ಸನ್ಮಾನ ಸ್ವೀಕರಿಸಬೇಕಿದ್ದ ನಮ್ಮ ಮೇಷ್ಟ್ರು ಗಾಲಿಕುರ್ಚಿಯಲ್ಲಿ ಅದರ ಮುಂದೆ ಬಂದು ನಿಂತಾಗ ತಮ್ಮ ಮೇಲ್ವಿಚಾರಕರು, ‘ನಮ್ಮ ಹುಡುಗರು ನಾಲ್ಕು ಜನ ಇದ್ದಾರೆ, ಎತ್ತಿಕೊಂಡು ಹೋಗಿ ಕೂರಿಸ್ತಾರೆ ಬಿಡಿ’ ಎಂದರು.

ಈ ಮಾತಿಗೆ ನಮ್ಮ ಆಕ್ಷೇಪ ಅತ್ಯಂತ ತೀವ್ರವಾದದ್ದು. ಅನೇಕ ಗಾಲಿಕುರ್ಚಿಗಳ ಕೈಯಾಸರೆ, ಕಾಲಿಡುವ ಪಟ್ಟಿಗಳು ಕಳಚಿ ತೆಗೆಯುವಂಥವು. ತರಬೇತಿ ಇಲ್ಲದವರು ಅವನ್ನು ಹಿಡಿದು ಎತ್ತಿದರೆ ಕಳಚಿಬಂದು ಕೂತವರು ಬೀಳುತ್ತಾರೆ. ಅಪಾಯದ ಮಾತು ಹಾಗಿರಲಿ, ಬದುಕೆಲ್ಲ ಸ್ವಂತ ದುಡಿಮೆಯ ಮೇಲೆ ನಿಂತ ಹಿರಿಯರನ್ನು ತಮ್ಮದೇ ಶಿಷ್ಯರ ಎದುರು ಸಾಮಾನಿನಂತೆ ಹೊತ್ತೊಯ್ಯುವುದು ಸೌಲಭ್ಯ ಹೇಗಾದೀತು? ಮೇಷ್ಟ್ರು ಒಪ್ಪಲಿಲ್ಲ. ವೇದಿಕೆಯ ಕೆಳಗೇ ಶಾಲು ಹೊದಿಸಿದೆವು. ಹಿಂದಿನ ಸಾಲಿನವರಿಗೆ ಅದು ಕಾಣಲೇ ಇಲ್ಲ. ಯಾರಿಗಾಗಿ ಆ ಕಾರ್ಯಕ್ರಮ ಏರ್ಪಟ್ಟಿತ್ತೋ ಅವರಿಗೇ ಅಲ್ಲಿ ಸ್ಥಳವಿರಲಿಲ್ಲವೆಂಬ ಸಂಕಟ ನಮ್ಮೆಲ್ಲರಲ್ಲೂ ಉಳಿದಿದೆ.

ಶೌಚಾಲಯಕ್ಕೆ ಮೂರು ಮೆಟ್ಟಿಲುಗಳಿದ್ದವು, ಬಾಗಿಲಿನಲ್ಲಿ ಗಾಲಿಕುರ್ಚಿ ತೂರುತ್ತಿರಲಿಲ್ಲ. ಇದರಿಂದಾಗಿ ಇಬ್ಬರು ಅತಿಥಿಗಳು ಊಟ ಮಾಡದೆ ಹೊರಟುಹೋದರು.

ಸನ್ನೆ ಭಾಷೆಯ ದುಭಾಷಿ ಬಂದಿದ್ದರು, ಅವರ ಕೆಲಸದಲ್ಲಿ ದೋಷವಿರಲಿಲ್ಲ. ಆದರೆ ಅವರನ್ನು ನಿಲ್ಲಿಸಿದ್ದು ದೊಡ್ಡ ದೀಪವೊಂದರ ಮುಂದೆ. ಬೆಳಕು ಬೆನ್ನ ಹಿಂದಿನಿಂದ ಬಂದಾಗ ಮುಖಭಾವವಾಗಲಿ ಬೆರಳುಗಳಾಗಲಿ ಕಾಣುವುದಿಲ್ಲ, ಸನ್ನೆ ಭಾಷೆಗೆ ಇವೆರಡೂ ಬೇಕು. ಶ್ರವಣ ಸಾಧನ ಧರಿಸಿದವರಿಗೆ ಕಾದಿರಿಸಿದ್ದ ಸಾಲಿನ ಪಕ್ಕದಲ್ಲೇ ಜನರೇಟರ್ ಓಡುತ್ತಿತ್ತು. ಆ ಸಾಧನ ಮಾತಿನ ಜೊತೆಗೆ ಸುತ್ತಲಿನ ಸದ್ದನ್ನೂ ಹಿಗ್ಗಿಸುತ್ತದೆಯಾದ್ದರಿಂದ ಅವರಿಗೆ ಇಡೀ ಸಂಜೆ ಕೇಳಿಸಿದ್ದು ಯಂತ್ರದ ಶಬ್ದ ಮಾತ್ರ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವ, ದೂರದೂರದ ಕುಟುಂಬಗಳು ಮಾತು ಮತ್ತು ಶ್ರವಣದ ಚಿಕಿತ್ಸೆಗೆಂದೇ ಬರುವ ಊರು ನಮ್ಮದು; ಇಲ್ಲಿ ವ್ಯವಹಾರ ನಡೆಸುವ ಸಂಸ್ಥೆಗೆ ಇಷ್ಟು ತಿಳಿವಳಿಕೆ ಇರಬೇಕೆಂದು ನಿರೀಕ್ಷಿಸುವುದು ಹೆಚ್ಚೇನಲ್ಲ.

ದೂರವಾಣಿಯಲ್ಲಿ ತಾವು, ‘ತೋಟದ ಮಾಲೀಕರು ನೆಲ ಮುಟ್ಟಲು ಬಿಡಲಿಲ್ಲ’ ಎಂದು ಕಾರಣ ಕೊಟ್ಟಿರಿ. ಹಾಗಿದ್ದಲ್ಲಿ ಸ್ಥಳ ಗೊತ್ತುಮಾಡುವಾಗಲೇ ನಮಗೆ ಹೇಳಬೇಕಿತ್ತು. ಸಮತಟ್ಟಾದ ಬೇರೆ ಜಾಗವನ್ನು ನಾವೇ ಹುಡುಕುತ್ತಿದ್ದೆವು. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 46ನೇ ಕಲಮು ಸುಗಮ್ಯತೆಯ ನಿಯಮಗಳನ್ನು ಪಾಲಿಸುವ ಹೊಣೆಯನ್ನು ಸರ್ಕಾರಿ ಸೇವಾದಾರರ ಮೇಲಷ್ಟೇ ಅಲ್ಲ, ಖಾಸಗಿ ಸೇವಾದಾರರ ಮೇಲೂ ಹೊರಿಸಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಕರಾರಿನಲ್ಲಿ ಒಪ್ಪಿದ ಕೆಲಸವನ್ನು ಒಪ್ಪಿದ ರೀತಿಯಲ್ಲಿ ಮಾಡದಿರುವುದು ಸೇವಾ ನ್ಯೂನತೆಯಾಗುತ್ತದೆ.

ಆದ್ದರಿಂದ ದಾರಿ, ರ‍್ಯಾಂಪ್ ಮತ್ತು ಶೌಚಾಲಯದ ಬಾಬ್ತು ಪಡೆದ ಪೂರ್ತಿ ಹಣವನ್ನು ಈ ಪತ್ರ ತಲುಪಿದ 15 ದಿನಗಳೊಳಗೆ ಹಿಂದಿರುಗಿಸಬೇಕು. ಮೇಷ್ಟ್ರಿಗೂ ಎಡವಿದ ನಮ್ಮ ಸಹಪಾಠಿಗೂ ಲಿಖಿತವಾಗಿ ಕ್ಷಮೆ ಕೋರಬೇಕು. ಇನ್ನು ಮುಂದೆ ಸ್ಥಳ ಒಪ್ಪಿಕೊಳ್ಳುವ ಮೊದಲು ಗಾಲಿಕುರ್ಚಿ ಬಳಸುವವರೊಬ್ಬರನ್ನು ಸೂಕ್ತ ಸಂಭಾವನೆ ಕೊಟ್ಟು ಕರೆದೊಯ್ದು, ದ್ವಾರದಿಂದ ವೇದಿಕೆ, ಊಟದ ಸಾಲು ಹಾಗೂ ಶೌಚಾಲಯದವರೆಗೆ ಅವರೇ ಪರಿಶೀಲಿಸುವಂತೆ ಮಾಡುತ್ತೇವೆಂದು ಬರೆದುಕೊಡಬೇಕು. ಹಣಕ್ಕಿಂತ ಈ ಕೊನೆಯ ಬೇಡಿಕೆಯೇ ನಮಗೆ ಮುಖ್ಯವಾದದ್ದು. ಉತ್ತರ ಬಾರದಿದ್ದಲ್ಲಿ ಕೊಟೇಶನ್, ರಸೀದಿ ಮತ್ತು ಛಾಯಾಚಿತ್ರಗಳೊಡನೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇವೆ. ಅವುಗಳ ಪ್ರತಿಗಳನ್ನು ಇದರೊಂದಿಗೆ ಲಗತ್ತಿಸಿದೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ